ಇಬ್ರಾಹಿಂಪುರದ ಕಿಟಕಿಯಿಲ್ಲದ ಗರಡಿ

ಕುಸ್ತಿ ಕಲಿಸುವ ಮಲಕಾಜಪ್ಪ ವಸ್ತಾದನಿಗೆ ಒಂದು ಚಟವಿತ್ತು. ನಡೆಯುತ್ತ ನಡೆಯುತ್ತ ಒಮ್ಮೆಲೇ ನಿಂತು ಎಡಭುಜದ ಮೇಲಿಂದ ಹಿಂದಕ್ಕೆ ಹೊರಳಿ ನೋಡುವುದು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು. ಯಾರೂ ಇಲ್ಲವಲ್ಲ ಎಂದು ಇನ್ನಷ್ಟು ಅನುಮಾನಪಟ್ಟು ಮುಂದೆ ಹೋಗುವುದು. ಇದ್ದದ್ದು ಇಷ್ಟೇ. ಕುತ್ತಿಗೆಯ ಒಂದು ಸಣ್ಣ ರೂಢಿ.

ಆದರೆ ವಿಜಾಪುರದ ಅಂಚಿನ ಇಬ್ರಾಹಿಂಪುರದ ಜನ ಒಂದು ಕಾಳು ಕುಸುಬೆ ಸಿಕ್ಕರೆ ಗಾಣ ಹೂಡುವವರು. ವಸ್ತಾದನಿಗೆ ತನ್ನ ನೆರಳಿನ ಮೇಲೆಯೇ ವಿಶ್ವಾಸವಿಲ್ಲ, ಅದನ್ನು ಬೆನ್ನ ಹಿಂದೆ ಬಿಟ್ಟುಕೊಂಡು ನಡೆಯಲಾರ ಎಂದರು. ಪಡುವಣದ ತಿಕೋಟಾಕ್ಕೆ ಹೋಗುವುದಿದ್ದರೆ ಬೆಳಿಗ್ಗೆ ಹೊರಟು ಸಂಜೆಗೆ ಮರಳುತ್ತಾನೆ, ಹೋಗುವಾಗಲೂ ಬರುವಾಗಲೂ ನೆರಳು ಕಣ್ಣ ಮುಂದೆಯೇ ಇರಲೆಂದು. ಮಟಮಟ ಮಧ್ಯಾಹ್ನ ಹೊರಗೇ ಬರುವುದಿಲ್ಲ, ಆ ಹೊತ್ತಿನಲ್ಲಿ ನೆರಳು ಕಾಲಡಿಗೆ ಸೇರಿ ಏನು ಸಂಚು ಹೂಡುತ್ತದೋ ಎಂದು. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದರೂ ಗೋಲಗುಮ್ಮಟದ ಒಳಗೆ ಕಾಲಿಟ್ಟವನಲ್ಲ. ಆಡಿದ ಮಾತನ್ನು ಮತ್ತೆ ಮತ್ತೆ ಊರಿಗೆಲ್ಲ ಹೇಳುವ ಕಟ್ಟಡವನ್ನು ಬುದ್ಧಿಯಿದ್ದವನು ಹತ್ತುತ್ತಾನೆಯೇ? ಪ್ಲೇಗಿನ ವರ್ಷ ಯಮಧರ್ಮ ಹಿಂದಿನಿಂದ ಬಂದ, ವಸ್ತಾದ ಹೊರಳಿ ನೋಡಿದ, ಯಮ ನಾಚಿ ಪಕ್ಕದ ಓಣಿಗೆ ಹೋದ ಎಂಬಲ್ಲಿಗೆ ಕಥೆ ಮುಟ್ಟಿತ್ತು. ಆ ಪಕ್ಕದ ಓಣಿಯವರಿಗೆ ಮಾತ್ರ ಈ ಕಥೆ ಅಷ್ಟಾಗಿ ಸೇರುತ್ತಿರಲಿಲ್ಲ.

ಇಷ್ಟೆಲ್ಲ ಕಾವಲು ಕಾಯಲು ವಸ್ತಾದನ ಹತ್ತಿರ ಇದ್ದ ಆಸ್ತಿಯಾದರೂ ಏನು? ಹೊಲವಿಲ್ಲ, ಮೈಮೇಲೆ ಗುಂಜಿ ಬಂಗಾರವಿಲ್ಲ. ಇದ್ದದ್ದು ಒಂದು ಡಾವು. ಕುಸ್ತಿಯವರು ಪಟ್ಟಿಗೆ ಡಾವು ಎನ್ನುತ್ತಾರೆ. ಹರೆಯದಲ್ಲಿ ಒಮ್ಮೆ ಮೀರಜದ ಕಡೆಯ ಒಬ್ಬ ಪೈಲವಾನನನ್ನು ಅದರಿಂದ ಎತ್ತಿ ಒಗೆದಿದ್ದ. ಕಣಕ್ಕಿಳಿದು ಕೈ ಜೋತುಬಿಟ್ಟು, ಗದ್ದ ಮೇಲೆತ್ತಿ, ಕಣ್ಣು ಅರೆಮುಚ್ಚಿ, ನಿಂತಲ್ಲೇ ನಿದ್ದೆ ಹೋದವನ ಹಾಗೆ ನಿಲ್ಲಬೇಕು. ಇವನಿಗೆ ಜೀವವೇ ಇಲ್ಲವೆಂದು ಎದುರಾಳಿ ಸೊಂಟಕ್ಕೆ ಕೈ ಹಾಕಲು ಬರುತ್ತಾನೆ. ಬಂದವನ ಅಡಿಗೆ ಸರಕ್ಕನೆ ಕುಸಿದು, ಬೆನ್ನ ಮೇಲೆ ಹೊತ್ತು, ಆಚೆ ಚೆಲ್ಲಬೇಕು. ಇದಕ್ಕೆ ಅವನೇ ಇಟ್ಟ ಹೆಸರು ಕೋಣನಿದ್ದೆ. ಈಗ ವಯಸ್ಸು ಐವತ್ತು ದಾಟಿತ್ತು, ಮೊಣಕಾಲು ಹೋಗಿತ್ತು, ಎದೆಯ ಮಾಂಸ ಹೊಟ್ಟೆಗೆ ಇಳಿದಿತ್ತು. ಒಂದು ಕಾಲದ ಮಲಕಾಜಪ್ಪ ಪೈಲವಾನನಲ್ಲಿ ಕರಗದೆ ಉಳಿದದ್ದು ಈ ಕೋಣನಿದ್ದೆಯೊಂದೇ. ಅದನ್ನು ಕದಿಯಲು ಇಡೀ ಮುಂಬಯಿ ಪ್ರಾಂತ್ಯ ಹೊಂಚು ಹಾಕಿದೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಸಂದೇಹವಿಲ್ಲದ ಸಂಗತಿ ಅವನ ಬದುಕಿನಲ್ಲಿ ಅದೊಂದೇ ಇದ್ದೀತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಳೆಗಾಲದಲ್ಲಿ ಹಳೆಯ ಗರಡಿಮನೆಯ ಮಾಳಿಗೆ ಕುಸಿಯಿತು. ಹತ್ತಿ ಅಡತಿಯ ಶಂಕರೆಪ್ಪ ಸಾಹುಕಾರರು ಆ ಹೊತ್ತಿಗೆ ಹೆಸರು ಉಳಿಯುವಂಥ ಕೆಲಸವೊಂದನ್ನು ಹುಡುಕುತ್ತಿದ್ದರು. ರೇಲ್ವೆ ಲೈನಿನ ಹತ್ತಿರ ತಮ್ಮದೇ ಜಾಗ ಕೊಟ್ಟು, ಕಲ್ಲು, ತೊಲೆ ಕೊಡಿಸಿ, ಹೊಸ ಗರಡಿಯನ್ನು ಕಟ್ಟಿಸುವ ಜವಾಬ್ದಾರಿಯನ್ನು ಮಲಕಾಜಪ್ಪನಿಗೆ ಒಪ್ಪಿಸಿದರು. ಆದರೆ ಸಾಹುಕಾರರ ತಾಯಿಯ ತವರು ತಿಕೋಟಾ, ಅಲ್ಲಿಯೂ ಒಬ್ಬ ವಸ್ತಾದನಿದ್ದ. ಅಲ್ಲಿಯ ಬಂಧುಬಳಗ ಮುನಿಸಿಕೊಳ್ಳಬಾರದಲ್ಲ. ಅದಕ್ಕೊಂದು ಕರಾರು ಹಾಕಿದರು.

"ಗರಡಿ ಉದ್ಘಾಟನಾ ದಿನ ನಿನ್ನ ಶಿಷ್ಯಾ ಒಬ್ಬ, ತಿಕೋಟಾದ ಪೈಲವಾನ ಒಬ್ಬ, ಹೊಸ ಮಣ್ಣಿನಾಗ ಕುಸ್ತಿ ಹಿಡೀಲಿ. ಯಾರ ಶಿಷ್ಯಾ ಗೆಲ್ಲತಾನೋ ಅವರ ಈ ಗರಡಿಗೆ ವಸ್ತಾದ. ಆತಿಲ್ಲೋ ಮಲಕಾಜಪ್ಪ?"

"ಆತ್ರಿ ಸಾವ್ಕಾರ್ರ," ಎಂದ ಮಲಕಾಜಪ್ಪ. ಅಂದರೆ, ತಾನು ಕಟ್ಟಿಸಿದ ಗರಡಿಯಲ್ಲಿ ತಾನೇ ಇರಬೇಕಾದರೆ ಆ ಒಂದು ಕುಸ್ತಿ ಗೆಲ್ಲಬೇಕು. ಗೆಲ್ಲಬೇಕಾದರೆ ಕೋಣನಿದ್ದೆಯನ್ನು ಶಿಷ್ಯನಿಗೆ ಧಾರೆಯೆರೆಯಬೇಕು. ಅದರ ಗಾಳಿ ತಿಕೋಟಾದ ಕಡೆ ಸುಳಿಯಬಾರದು. ಸುಳಿದರೆ ಕಣವೂ ಹೋಯಿತು, ಹೆಸರೂ ಹೋಯಿತು, ಮುದುಕನೊಬ್ಬ ಉಳಿದ.

ಆ ಗಾಳಿಯನ್ನು ತಡೆಯಲು ಅವನು ಹೂಡಿದ ಉಪಾಯವೇ ಆ ಕಟ್ಟಡದ ನಕ್ಷೆ.

ಸಾಹುಕಾರರು ಓವರ್ಸಿಯರ್ ಒಬ್ಬರಿಂದ ನೀಲಿ ಕಾಗದದ ಮೇಲೆ ಚೆಂದದ ನಕ್ಷೆ ಬರೆಯಿಸಿದ್ದರು. ಎತ್ತರದ ಬಾಗಿಲು, ನಾಲ್ಕೂ ದಿಕ್ಕಿಗೆ ಕಿಟಕಿ, ಬೆಳಕು ಹೊಳೆಯಂತೆ ಹರಿಯಬೇಕು. ಕಟ್ಟಲು ಬಂದವನು ಚಮನಸಾಬ. ಗೌಂಡಿ ಕೆಲಸದಲ್ಲಿ ಪಳಗಿದವನು, ಮಲಕಾಜಪ್ಪನ ಬಾಲ್ಯದ ಗೆಳೆಯ, ಹಾಗಾಗಿ ಅನುಮಾನಿತರ ಪಟ್ಟಿಯಲ್ಲಿ ಬಹಳ ಮೇಲೆ ಇದ್ದವನು. ಗೋಡೆ ಎದೆಯ ಮಟ್ಟಕ್ಕೆ ಬರುತ್ತಲೇ ಜಗಳ ಸುರುವಾಯಿತು.

"ಮೂಡಲ ಕಿಡಕಿ ಮುಚ್ಚು ಚಮನ್ಯಾ."

"ಯಾಕೋ?"

"ಆ ಕಡೆ ರೇಲ್ವೆ ಲೈನ್ ಐತಿ. ಸೊಲ್ಲಾಪುರದ ಗಾಡಿ ಇಲ್ಲಿ ಬಂದು ನಿಧಾನ ಆಕ್ಕೈತಿ. ಯಾಕ ನಿಧಾನ ಆಕ್ಕೈತಿ ಹೇಳು?"

"ಸ್ಟೇಷನ್ ಹತ್ರ ಬಂತಂತ."

"ಹಂಗಂತ ನಿನಗ ಹೇಳ್ಯಾರ."

ಚಮನಸಾಬ ಕರಣೆ ಕೆಳಗಿಟ್ಟು ಗೆಳೆಯನ ಮುಖ ನೋಡಿದ. ಆ ಮುಖದಲ್ಲಿ ತಮಾಷೆಯಿರಲಿಲ್ಲ. ಮೂಡಣ ಕಿಟಕಿಗೆ ಕಲ್ಲು ಬಿತ್ತು. ಮರುದಿನ ಪಡುವಣ ಕಿಟಕಿಯ ಸರದಿ.

"ಈ ಕಡೆ ಏನೂ ಇಲ್ಲಲ್ಲೋ ಯಪ್ಪಾ. ಬರೇ ಹೊಲಾ."

"ಹೊಲದ ಆಚಿ?"

"ಹೊಲಾನ."

"ಅದರ ಆಚಿ?"

ಚಮನಸಾಬ ತಲೆ ಕೆರೆದುಕೊಂಡ. "ಅದರ ಆಚಿ ಅಂದ್ರ... ಹೋಗಕೋತ ಹೋಗಕೋತ ತಿಕೋಟಾ."

"ನೋಡು, ನೀನ ಅಂದಿ. ನಾ ಅನ್ಲಿಲ್ಲ."

ದಕ್ಷಿಣದ ಕಿಟಕಿಯ ಎದುರಿಗೊಂದು ಬೇವಿನ ಮರವಿತ್ತು. ಮರವೆಂದ ಮೇಲೆ ಹತ್ತುವವರು ಇರುತ್ತಾರೆ. ಅದೂ ಮುಚ್ಚಿತು. ಉಳಿದದ್ದು ಉತ್ತರ. ಅಲ್ಲಿ ಒಂದು ಗುಡಿಸಲು, ಅದರಲ್ಲೊಬ್ಬ ಅಜ್ಜಿ.

"ಆ ಮುದುಕಿಗೆ ಕಣ್ಣ ಕಾಣೂದಿಲ್ಲೋ ಮಾರಾಯಾ!"

"ಕಾಣೂದಿಲ್ಲಂದ್ರ ಮೊನ್ನಿ ನನ್ನ ಅಂಗಿ ಹರದದ್ದು ಹ್ಯಾಂಗ ಗೊತ್ತಾತು?"

"ಟರ್ರಂತ ಹರದದ್ದ ಕೇಳಿಸ್ತಂತ."

"ಅಂದ್ರ ಕಿವಿ ಅಷ್ಟ ಚುರುಕ ಅದಾವು. ಮುಚ್ಚು ಮುಚ್ಚು, ಇದನ್ನ ಮೊದಲ ಮುಚ್ಚಬೇಕಾಗಿತ್ತು."

ಚಮನಸಾಬ ಮುಚ್ಚಿದ. ಮುಚ್ಚಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ಇನ್ನ ಬಾಗಲಾ ಒಂದ ಉಳೀತು. ಅದನ್ನೂ ಮುಚ್ಚಿ ಇದಕ್ಕ ಗೋರಿ ಅಂತ ಹೆಸರ ಇಟ್ಟುಬಿಡೂಣೇನು? ವಿಜಾಪುರಕ್ಕ ಗೋರಿಗೇನ ಬರ ಇಲ್ಲ, ಆದ್ರೂ ಇನ್ನೊಂದ ಇರ್ಲಿ."

ಬಾಗಿಲನ್ನು ಮುಚ್ಚಲಿಲ್ಲ, ತಗ್ಗಿಸಿದರು. ಒಳಗೆ ಬರುವವನು ಮೊದಲು ತನ್ನ ಹೆಡಕು ತೋರಿಸಬೇಕು, ಮುಖವನ್ನು ಆಮೇಲೆ ಎತ್ತಬೇಕು. ಅಷ್ಟರಲ್ಲಿ ಅವನು ಯಾರೆಂದು ಒಳಗಿದ್ದವನಿಗೆ ಗೊತ್ತಾಗಿರುತ್ತದೆ. ಬಾಗಿಲಿನ ಎದುರಿಗೇ ಒಂದು ಅಡ್ಡಗೋಡೆ ಬಂತು, ಹಾವಿನಂತೆ ಹೊರಳಿ ಒಳಸೇರಬೇಕು. ಕಡೆಗೆ ಮಾಳಿಗೆ ಹಾಕುವ ದಿನ ಚಮನಸಾಬ ಹಟ ಹಿಡಿದು ಕುಳಿತ.

"ಮ್ಯಾಲ ಒಂದ ಬೆಳಕಿಂಡಿ ಬಿಡತೀನಿ. ಇಲ್ಲಂದ್ರ ಇಲ್ಲಿಗೇ ಕೆಲಸ ಬಂದ್. ಒಳಗ ನಿನ್ನ ಪೈಲವಾನ ಸತ್ರ ಹೆಣಾ ಹೊರಗ ತಗಿಯಾಕ ನನ್ನನ್ನ ಕರೀತೀರಿ."

"ಮಾಳಗಿ ಮ್ಯಾಲ ಪಾರಿವಾಳ ಕುಂಡರತಾವಲ್ಲೋ."

"ಕುಂಡರ್ಲಿ. ತಿಕೋಟಾದಾಗ ಪಾರಿವಾಳಕ್ಕ ಕುಸ್ತಿ ಕಲಸಾಕ ಹತ್ತ್ಯಾರೇನು?"

ಮಲಕಾಜಪ್ಪ ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ನಿಜವಾಗಿಯೂ ವಿಚಾರ ಮಾಡಿದ. ಬಳಿಕ, ಕಣದ ನಡುವೆ ಬೇಡ, ದೂರದ ಮೂಲೆಯಲ್ಲಿ ಒಂದು ಬೋಗುಣಿಯಷ್ಟು ಕಿಂಡಿ ಬಿಡು ಎಂದು ಒಪ್ಪಿದ. ಕಟ್ಟಡ ನೋಡಲು ಬಂದ ಓವರ್ಸಿಯರ್ ಒಳಹೊಕ್ಕು, ಹಣೆ ಜಜ್ಜಿಸಿಕೊಂಡು, ಬೆವರಿನಲ್ಲಿ ತೊಯ್ದು ಹೊರಬಂದು, "ನೆಲದಾಗ ತೋಡಿದ್ರ ಹಗೇವು ಅಂತಾರ. ಇದು ನೆಲದ ಮ್ಯಾಲ ಕಟ್ಟಿದ ಹಗೇವು," ಎಂದು ನಕ್ಷೆಯನ್ನು ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹೋದರು. ಜೋಳ ತುಂಬಿದ ಹಗೇವಿಗೆ ಇಳಿದವನಿಗೆ ಉಸಿರು ಕಟ್ಟುವುದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಶಂಕರೆಪ್ಪನವರಿಗೆ ಮಾತ್ರ ತಮ್ಮ ಕಟ್ಟಡ ಮೆಚ್ಚಿಗೆಯಾಯಿತು. ಬಾಗಿಲು ತಗ್ಗಿರುವುದು ಅಹಂಕಾರ ಬಾಗಲೆಂದು, ಕಿಟಕಿ ಇಲ್ಲದ್ದು ಚಿತ್ತ ಚದುರದಿರಲೆಂದು, ಅಡ್ಡಗೋಡೆ ದೃಷ್ಟಿ ತಾಗದಿರಲೆಂದು, ಎಲ್ಲ ಹಿರಿಯರ ಶಾಸ್ತ್ರದಂತೆ ಆಗಿದೆಯೆಂದು ಬಂದ ಬಂದವರಿಗೆ ಹೇಳತೊಡಗಿದರು. ಮಲಕಾಜಪ್ಪ ಅಲ್ಲವೆನ್ನಲಿಲ್ಲ. ಗುಟ್ಟಿಗೆ ಶಾಸ್ತ್ರಕ್ಕಿಂತ ಒಳ್ಳೆಯ ಮುಸುಕು ಯಾವುದು?

ಇನ್ನು ಕಣದ ಮಣ್ಣು. ಕೆಂಪು ಮಣ್ಣನ್ನು ಸಾಣಿಸಿ ಅದಕ್ಕೆ ಎಣ್ಣೆ, ಅರಿಸಿನ, ಲಿಂಬೆರಸ, ಮಜ್ಜಿಗೆ ಬೆರೆಸಿ ಹದ ಮಾಡುವುದು ಗರಡಿಯ ಪದ್ಧತಿ. ಮಜ್ಜಿಗೆಯ ಕೊಡ ಹೊತ್ತು ಬಂದವಳು ಹೆಂಡತಿ ಭೀಮಾಬಾಯಿ. ಅವಳ ತವರು ತಿಕೋಟಾ! ಮೂವತ್ತು ವರ್ಷದಿಂದ ಶತ್ರುವಿನ ಮಗಳ ಕೈಯ ರೊಟ್ಟಿ ತಿನ್ನುತ್ತಿದ್ದೇನೆಂಬ ಎಚ್ಚರ ಅವನಿಗೆ ಆ ವರ್ಷ ಹೊಸದಾಗಿ ಮೂಡಿತ್ತು.

"ಮೊದಲ ನೀ ಕುಡಿ," ಎಂದ ಕೊಡ ನೋಡಿ.

"ಮಣ್ಣಿಗೆ ಹಾಕೂ ಮಜ್ಜಗಿ ನಾ ಯಾಕ ಕುಡೀಲಿ? ನನ್ನ ಹೊಟ್ಟ್ಯಾಗ ಕುಸ್ತಿ ಆಡಸತೀರೇನು?"

"ಅಲ್ಲ, ಮೊನ್ನಿ ನಿನ್ನ ತಮ್ಮ ಬಂದಿದ್ದನಲ್ಲ. ಏನ ಕೇಳಿದ?"

"ಮಾಮಾ ಆರಾಮ ಅದಾನೇನಂತ ಕೇಳಿದ."

"ಅದನ್ನ ಅಂವಾ ಯಾಕ ಕೇಳಬೇಕು?"

ಭೀಮಾಬಾಯಿ ಕೊಡ ಇಳಿಸಿದಳು. "ನಮ್ಮ ತವರಮನಿಯವರಿಗೆ ನಿಮ್ಮ ಡಾವು ತಗೊಂಡ ಏನ ಮಾಡೂದೈತ್ರಿ? ನನ್ನ ನಿಮಗ ಕೊಟ್ಟಾಗ ಅವರು ಒಮ್ಮೆ ಬೆನ್ನಿಗೆ ಮಣ್ಣ ಹತ್ತಿ ಚಿತ್ತ ಆಗ್ಯಾರ. ಇನ್ನೊಮ್ಮೆ ಅವರಿಗೆ ತ್ರಾಣ ಇಲ್ಲ." ಎಂದು ಮಜ್ಜಿಗೆಯನ್ನು ತಾನೇ ಮಣ್ಣಿಗೆ ಸುರಿದು, ತಗ್ಗು ಬಾಗಿಲಲ್ಲಿ ತಲೆ ತಗ್ಗಿಸಿ, ಹೊರಗೆ ಹೋಗಿ ಮತ್ತೆ ಎತ್ತಿದಳು.

ಶಿಷ್ಯನೆಂದರೆ ಸಂಗಣ್ಣ. ಮಮದಾಪುರದ ಎಮ್ಮೆ ಕಾಯುವ ಮನೆತನದವನು, ಎಮ್ಮೆಯಷ್ಟೇ ಬಲ, ಎಮ್ಮೆಯಷ್ಟೇ ಸಮಾಧಾನ. ಅವನಿಗೆ ಮಲಕಾಜಪ್ಪ ಹೊಸ ಗರಡಿಯಲ್ಲಿ ಬಾಗಿಲಿಕ್ಕಿಕೊಂಡು ಕೋಣನಿದ್ದೆಯನ್ನು ಕಲಿಸತೊಡಗಿದ. ಬೇರೆ ಡಾವು ಕಲಿಸಲಿಲ್ಲ. ಬ್ರಹ್ಮಾಸ್ತ್ರ ಇದ್ದವನಿಗೆ ಕವಣೆ ಯಾಕೆ? ಒಳಗೆ ಹಣತೆ ಹಚ್ಚಿದರೆ ಅದು ಸ್ವಲ್ಪ ಹೊತ್ತಿಗೆ ಮಂಕಾಗುತ್ತಿತ್ತು. ಸಂಗಣ್ಣನೂ ಮಂಕಾಗುತ್ತಿದ್ದ.

"ವಸ್ತಾದ್ರ, ಉಸುರು ಹಿಡಿತೈತ್ರಿ."

"ಹಿಡೀಲಿ. ನಿದ್ದಿ ಹತ್ತಿದಂಗ ನಿಂದ್ರಬೇಕಲ್ಲ, ಚಲೋನ ಆತು."

ಸಂಗಣ್ಣ ಹೌದೆಂದ. ಇಲ್ಲವೆಂದು ವಾದಿಸುವ ಜಾತಿಯವನಲ್ಲ. ಆದರೆ ವಾರಕ್ಕೊಮ್ಮೆ ಎಮ್ಮೆ ನೋಡಿಬರುವ ನೆಪದಲ್ಲಿ ಊರಿಗೆ ಹೋಗತೊಡಗಿದ. ಮಲಕಾಜಪ್ಪ ಎಲ್ಲರ ಮೇಲೂ ಕಣ್ಣಿಟ್ಟಿದ್ದ. ಚಮನಸಾಬ ಯಾವ ಓಣಿಗೆ ಹೋದ, ಭೀಮಾಬಾಯಿ ಯಾರ ಹತ್ತಿರ ನಿಂತು ಮಾತಾಡಿದಳು, ಮಾಳಿಗೆಯ ಮೇಲಿನ ಪಾರಿವಾಳ ಯಾವ ದಿಕ್ಕಿಗೆ ಹಾರಿತು, ಎಲ್ಲವನ್ನೂ ಲೆಕ್ಕವಿಟ್ಟ. ಸಂಗಣ್ಣನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅನುಮಾನಕ್ಕೆ ಯಾವುದೋ ಒಂದು ಗುಣ ಬೇಕಾಗುತ್ತದೆ, ಅದು ಆ ಹುಡುಗನಲ್ಲಿ ಇರಲಿಲ್ಲ.

ಯುಗಾದಿ ಕಳೆಯಿತು, ಬಿಸಿಲು ಬಲಿಯಿತು, ಉದ್ಘಾಟನೆ ಹತ್ತಿರ ಬಂತು. ಕಣಕ್ಕೆ ಲಿಂಬೆಹಣ್ಣು ಸಾಲದಾಗಿ ಮಲಕಾಜಪ್ಪ ಬಬಲೇಶ್ವರದ ಸಂತೆಗೆ ಹೋದ. ವಿಜಾಪುರದಲ್ಲಿ ಲಿಂಬೆ ಇರಲಿಲ್ಲವೆಂದಲ್ಲ; ಊರಿನ ಲಿಂಬೆಗೆ ಯಾರಾದರೂ ಏನಾದರೂ ಮಾಡಿರಬಹುದು ಎಂದು. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಮಮದಾಪುರದ ಬೋರವ್ವ ಅವನನ್ನು ಕಂಡವಳೇ ಬುಟ್ಟಿಯ ಹಿಂದಿನಿಂದ ಎದ್ದು ನಿಂತಳು.

"ವಸ್ತಾದಪ್ಪಾ! ಬರ್ರಿ, ಬರ್ರಿ. ಭಾರೀ ಕಲಿಸೀರಿ ಬಿಡ್ರಿ ಹುಡುಗಗ!"

ಮಲಕಾಜಪ್ಪ ಹಿಂದೆ ಹೊರಳಿ ನೋಡಿದ. ಬೇರೆ ವಸ್ತಾದ ಯಾರೂ ಇರಲಿಲ್ಲ. "ಏನ ಕಲಿಸೀನಿ?"

"ಅಯ್ಯ, ಮಮದಾಪುರದ ಕೆರಿ ದಂಡಿ ಮ್ಯಾಲ ಆಡತಾನಲ್ರಿ! ಕ್ವಾಣನ ಕರಾ ಒಂದ ಹಿಡಕೊಂಡ ಬರತಾನ. ಹಿಂಗ ನಿಂದರತಾನ ನೋಡ್ರಿ..." ಬೋರವ್ವ ಮೆಂತೆಯ ಸೂಡು ಕೆಳಗಿಟ್ಟು, ಕೈ ಜೋತುಬಿಟ್ಟು, ಗದ್ದ ಎತ್ತಿ, ಕಣ್ಣು ಅರೆಮುಚ್ಚಿದಳು. ನಿಂತ ಭಂಗಿಯಲ್ಲಿ ಒಂದು ಕೂದಲೆಳೆ ತಪ್ಪಿರಲಿಲ್ಲ. "ಆ ಕರಾ ಹಾಯಾಕ ಬರತೈತಿ, ಇಂವಾ ದಪ್ಪಂತ ಕೂತು ಬೆನ್ನ ಮ್ಯಾಲ ಹೊತ್ತು ಕೆರ್ಯಾಗ ಒಗೀತಾನ! ಊರ ಮಂದೆಲ್ಲ ದಂಡಿ ಮ್ಯಾಲ ಕುಂತು ಚಪ್ಪಾಳಿ ಹೊಡೀತೈತ್ರಿ. ಹಿಂದಿನ ವಾರ ಎಮ್ಮಿ ಖರೀದಿಗೆ ಬಂದವರು ಎರಡ ಸಲ ಮಾಡ್ಸಿ ನೋಡಿದ್ರು."

"ಎಲ್ಲಿಯವರು?" ಎಂದು ಕೇಳುವಾಗಲೇ ಅವನಿಗೆ ಉತ್ತರ ಗೊತ್ತಿತ್ತು.

"ತಿಕೋಟಾದವರ್ರಿ. ಬಾಳ ಚಲೋ ಮಂದಿ."

ನಾಲ್ಕು ದಿಕ್ಕಿಗೆ ಕಲ್ಲು ಬಡಿದು, ಹೆಂಡತಿಯ ಮಜ್ಜಿಗೆಗೂ ಕಾವಲು ಹಾಕಿ ಕಾಪಾಡಿದ ಗುಟ್ಟು ಸಂತೆಯ ಮೆಂತೆಸೊಪ್ಪಿನ ಪಕ್ಕದಲ್ಲಿ ಗದ್ದವೆತ್ತಿ ನಿಂತಿತ್ತು. ಮಲಕಾಜಪ್ಪ ಲಿಂಬೆ ಕೊಳ್ಳದೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಮ್ಮೆಯೂ ಹಿಂದೆ ನೋಡಲಿಲ್ಲ.

ಗರಡಿಯ ಕಟ್ಟೆಯ ಮೇಲೆ ಸಂಗಣ್ಣ ಬಾದಾಮಿ ಅರೆಯುತ್ತ ಕುಳಿತಿದ್ದ.

"ಲೇ ಸಂಗ್ಯಾ. ಕೆರಿ ದಂಡಿ ಮ್ಯಾಲ ಏನ ಮಾಡತೀಯೋ?"

"ತಾಲೀಮ್ರಿ."

"ಊರ ಮುಂದ?"

"ಅಲ್ಲಿ ಗಾಳಿ ಬರ್ತೈತ್ರಿ," ಎಂದ ಸಂಗಣ್ಣ. ಅವನ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. "ಒಳಗ ಕಲ್ತದ್ದು ಒಳಗ ಮರೀತೈತ್ರಿ. ತಲೀನ ನಡಿಯೂದಿಲ್ಲ. ಅದಕ್ಕ ಅಲ್ಲಿ ಹೋಗಿ ಗಟ್ಟಿ ಮಾಡಿದೆ. ನೀವು ಯಾರಿಗೂ ಹೇಳಬ್ಯಾಡಂದಿದ್ರಿ, ನಾ ಯಾರ ಮುಂದೂ ಹೇಳಿಲ್ರಿ."

ಇದಕ್ಕೆ ಬಯ್ಯುವ ಮಾತು ಕನ್ನಡದಲ್ಲಿ ಇರಲಿಲ್ಲ, ಚಮನಸಾಬನಿಂದ ಕಲಿತ ಉರ್ದುವಿನಲ್ಲೂ ಇರಲಿಲ್ಲ. ಮಲಕಾಜಪ್ಪ ಕಟ್ಟೆಯ ಮೇಲೆ ಅವನ ಪಕ್ಕಕ್ಕೆ ಕುಳಿತ. ಕಡೆಗೆ ಅಂದ: "ಆ ಡಾವು ಹಾಕಬ್ಯಾಡ. ತಿಕೋಟಾದವರಿಗೆ ಗೊತ್ತಾಗೈತಿ. ಕೂತಿ ಅಂದ್ರ ಅಲ್ಲೇ ಒತ್ತಿ ಕೆಡವತಾನ."

"ಮತ್ತೇನ ಮಾಡ್ಲಿರಿ?"

ಗುರು ಬೇರೇನನ್ನೂ ಕಲಿಸಿರಲಿಲ್ಲ. "ಸುಮ್ಮ ನಿಂದ್ರು. ಹಣಮಪ್ಪ ನಡಸಿದಂಗ ಆಕ್ಕೈತಿ."

ಉದ್ಘಾಟನೆಯ ದಿನ ಬೆಳಗಿನ ತಂಪಿನಲ್ಲೇ ಕುಸ್ತಿ ಆಗಬೇಕಿತ್ತು. ಸಾಹುಕಾರರ ಹಾರ, ಮೆರವಣಿಗೆ, ಹಲಗೆ ಮೇಳ ಎಲ್ಲ ಮುಗಿಯುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಶಂಕರೆಪ್ಪನವರು ಎಲ್ಲರಿಗಿಂತ ಮೊದಲು ಒಳಗೆ ಹೋಗಲು ಹೊರಟರು. ತಗ್ಗು ಬಾಗಿಲು ಅವರ ಜರಿ ರುಮಾಲನ್ನು ಕಸಿಯಿತು. ಬಾಗಿ ಮುನ್ನುಗ್ಗಿದರೆ ಅಡ್ಡಗೋಡೆಗೂ ಬಾಗಿಲಿಗೂ ನಡುವೆ ಹೊಟ್ಟೆ ಸಿಕ್ಕಿತು. ಅಹಂಕಾರ ಬಾಗುತ್ತಿತ್ತು, ಹೊಟ್ಟೆ ಬಾಗಲಿಲ್ಲ. ಹಿಂದಕ್ಕೆ ಎಳೆದು ತೆಗೆದು ಬೇವಿನ ಮರದಡಿ ಕುರ್ಚಿ ಹಾಕಿ ಕೂಡ್ರಿಸಿದರು. ಊರಿನ ಜನವೂ ಹೊರಗೇ ಉಳಿಯಿತು. ಇಣುಕಲು ಕಿಟಕಿ ಇದ್ದರಲ್ಲವೇ? ಎಲ್ಲರೂ ಗೋಡೆಗೆ ಕಿವಿಯೊತ್ತಿ ನಿಂತರು, ಕಣ್ಣು ಕಾಣದ ಅಜ್ಜಿ ಎಲ್ಲರಿಗಿಂತ ಮುಂದೆ.

ಒಳಗಿದ್ದವರು ಇಬ್ಬರು ಪೈಲವಾನರು, ಅವರ ವಸ್ತಾದರು, ತೀರ್ಪು ಹೇಳುವ ಪಂಚರಾಗಿ ಚಮನಸಾಬ ಮತ್ತು ತಿಕೋಟಾದವನೊಬ್ಬ. ಕತ್ತಲಿಗೆಂದು ನಡುವೆ ಗ್ಯಾಸಬತ್ತಿ ತೂಗುಹಾಕಿದ್ದರು, ಅದು ಭುಸುಗುಡುತ್ತ ಇದ್ದಬದ್ದ ಗಾಳಿಯನ್ನೂ ತಿನ್ನುತ್ತಿತ್ತು. ತಿಕೋಟಾದ ಪೈಲವಾನ ಅಮರಪ್ಪನೆಂದರೆ ಸಾಮಾನ್ಯನಲ್ಲ. ತೊಡೆ ತಟ್ಟಿದರೆ ಗುಡಿಯ ಗಂಟೆ ತಾನಾಗಿ ಬಾರಿಸುತ್ತದೆಂದು ಅವನ ಊರಿನವರು ಹೇಳುತ್ತಿದ್ದರು. ಆದರೆ ಅವನೂ ಅವನ ವಸ್ತಾದನೂ ವಿಶ್ವಾಸದ ವಿಷಯದಲ್ಲಿ ಮಲಕಾಜಪ್ಪನ ಖಾಸಾ ಅಣ್ಣತಮ್ಮಂದಿರು. ಮಣ್ಣನ್ನು ಮೂಸಿದರು, ಗೋಡೆ ಬಡಿದು ನೋಡಿದರು, ಕುಡಿಯುವ ನೀರನ್ನು ಊರಿನಿಂದಲೇ ತಂದಿದ್ದರು. "ಹುಡುಗಾ ನಿದ್ದಿ ಮಾಡಿದಂಗ ನಿಂತ ಅಂದ್ರ ಹತ್ರ ಹೋಗಬ್ಯಾಡ. ತಾನ ಬರೂತನಕಾ ಕಾಯಿ," ಎಂದು ಅವನ ವಸ್ತಾದ ಕಿವಿಯಲ್ಲಿ ಉಸುರಿದ್ದು ಎಲ್ಲರಿಗೂ ಕೇಳಿಸಿತು.

ಸಲಾಮಿಯಾಯಿತು. ಕೈ ಮುಟ್ಟಿ ಇಬ್ಬರೂ ಹಿಂದೆ ಸರಿದರು. ಸಂಗಣ್ಣನಿಗೆ ಸುಮ್ಮನೆ ನಿಲ್ಲಲು ಹೇಳಿತ್ತಲ್ಲ, ನಿಲ್ಲಲು ಎಲ್ಲಾದರೇನು? ಅವನು ನೆಟ್ಟಗೆ ದೂರದ ಮೂಲೆಗೆ ಹೋಗಿ ಬೆಳಕಿಂಡಿಯ ಅಡಿಗೆ ನಿಂತ. ಮೇಲಿನಿಂದ ಒಂದೆಳೆ ಗಾಳಿ ಇಳಿಯುತ್ತಿತ್ತು. ಅದನ್ನು ಕುಡಿಯಲು ಗದ್ದ ಎತ್ತಿದ. ಸುಖಕ್ಕೆ ಕೈ ಜೋತುಬಿದ್ದವು. ಕಣ್ಣು ಅರೆಮುಚ್ಚಿದವು.

ಅಮರಪ್ಪ ಕೂಡಲೇ ಗುರುತು ಹಿಡಿದ. ಇದೇ! ಕೆರೆ ದಂಡೆಯಲ್ಲಿ ನೋಡಿಬಂದವರು ಹೇಳಿದ ನಿಲುವು ಇದೇ! ಅವನು ಎದುರಿನ ಮೂಲೆಯಲ್ಲಿ ಗೋಡೆಗೆ ಅಂಟಿ, ಕೈ ಮುಂದೆ ಚಾಚಿ, ಕಣ್ಣು ಮಿಟುಕಿಸದೆ ಕಾಯತೊಡಗಿದ. ಆ ಮೂಲೆಯಲ್ಲಿ ಗಾಳಿ ಇರಲಿಲ್ಲ.

ಹೀಗೆ ವಿಜಾಪುರದ ಇತಿಹಾಸದಲ್ಲಿಯೇ ಘನಘೋರವಾದ ಆ ಕುಸ್ತಿ ನಡೆಯಿತು. ಒಬ್ಬನು ಉಸಿರಾಡಿದ. ಇನ್ನೊಬ್ಬನು ಅವನು ಉಸಿರಾಡುವುದನ್ನು ನೋಡಿದ. ಗ್ಯಾಸಬತ್ತಿ ಭುಸುಗುಟ್ಟಿತು. ಬೆವರು ಹನಿಹನಿಯಾಗಿ ಅರಿಸಿನದ ಮಣ್ಣಿಗೆ ಬಿತ್ತು.

"ಹೋಗೋ ಅಮರ್ಯಾ, ಹಿಡಿಯೋ!" ಎಂದ ತಿಕೋಟಾದ ಪಂಚ, ತನಗೇ ತಲೆ ಸುತ್ತಿ.

"ಸುಮ್ಮನಿರೋ! ಹೋದ್ರ ಸತ್ತ!" ಎಂದ ತಿಕೋಟಾದ ವಸ್ತಾದ.

ಮಲಕಾಜಪ್ಪ ಗೋಡೆಗೆ ಒರಗಿ, ಯಾವ ದೇವರನ್ನು ನೆನೆಯಬೇಕೆಂದು ತಿಳಿಯದೆ ಎಲ್ಲರ ಮೇಲೂ ಅನುಮಾನಪಡುತ್ತ ನಿಂತಿದ್ದ. ಅಮರಪ್ಪನ ಕಣ್ಣು ಮೇಲಕ್ಕೆ ಹೊರಳಿದವು. ಅವನು ಮೊದಲು ಮೊಣಕಾಲೂರಿದ. ಬಳಿಕ ಕುಳಿತ. ಕುಳಿತವನು ದೊಡ್ಡ ಆಕಳಿಕೆಯೊಂದನ್ನು ತೆಗೆದು, ಹಾಸಿಗೆಗೆ ಹೋಗುವವನ ಹಾಗೆ ಹಿಂದಕ್ಕೆ ಮೈಚೆಲ್ಲಿದ. ಧಪ್ಪೆಂದಿತು. ಎರಡೂ ಭುಜ ಮಣ್ಣಿಗೆ ಹತ್ತಿದವು; ಕುಸ್ತಿಯಲ್ಲಿ ಅದೇ ಸೋಲು.

ಚಮನಸಾಬ ಬಗ್ಗಿ ನೋಡಿದ. ಬೆನ್ನಡಿಗೆ ಕೈ ತೂರಿಸಿ ನೋಡಿದ, ಕೈ ಹೋಗಲಿಲ್ಲ. "ಚಿತ್ತ," ಎಂದ, ತನ್ನ ಮಾತನ್ನು ತಾನೇ ನಂಬಲಾರದೆ. ತಿಕೋಟಾದ ಪಂಚ ಅದನ್ನು ಅಲ್ಲಗಳೆಯಲು ನಿಲ್ಲಲಿಲ್ಲ. ಬಾಗಿಲ ಕಡೆ ಓಡಿಬಿಟ್ಟಿದ್ದ. ಅಮರಪ್ಪನನ್ನು ಕೈಕಾಲು ಹಿಡಿದು ಹೊರಗೆ ತಂದು ಬೇವಿನ ನೆರಳಿನಲ್ಲಿ ಮಲಗಿಸಿ ನೀರು ಹೊಡೆದರು. ಅವನು ಕಣ್ಣು ಬಿಟ್ಟು, "ಬಂದನೇನು?" ಎಂದು ಕೇಳಿದ. ಸಂಗಣ್ಣ ಅವನ ಪಕ್ಕದಲ್ಲಿ ಕುಳಿತು ರುಮಾಲಿನಿಂದ ಗಾಳಿ ಬೀಸುತ್ತಿದ್ದ.

ಆದರೆ ಹೊರಗೆ ಕಿವಿಯೊತ್ತಿ ನಿಂತಿದ್ದ ಜನಕ್ಕೆ ಕೇಳಿಸಿದ್ದು ಬಹಳ ಹೊತ್ತಿನ ಭಯಂಕರ ಮೌನ, 'ಹೋದ್ರ ಸತ್ತ' ಎಂಬ ಕೂಗು, ಕಡೆಗೆ ಒಂದು ಧಪ್. ಇಷ್ಟು ಸಾಕಾಯಿತು. ಸಂಗಣ್ಣ ಅವನನ್ನು ಮಾಳಿಗೆಯವರೆಗೆ ಎತ್ತಿದನೆಂದು ಒಬ್ಬ, ಮೈ ಮುಟ್ಟದೆ ಬರೀ ದೃಷ್ಟಿಯಿಂದಲೇ ಕೆಡವಿದನೆಂದು ಇನ್ನೊಬ್ಬ. ಆ ಎರಡನೆಯವನ ಮಾತು ಸತ್ಯಕ್ಕೆ ಎಷ್ಟು ಹತ್ತಿರವಿತ್ತೆಂದರೆ ಮಲಕಾಜಪ್ಪನಿಗೆ ಅವನ ಮೇಲೂ ಸಂಶಯ ಬಂತು.

ಶಂಕರೆಪ್ಪನವರು ಕುರ್ಚಿ ಬಿಟ್ಟು ಎದ್ದರು. ತಾವು ಕಾಣದ ಕುಸ್ತಿಯನ್ನು ಕಂಡವರಿಗಿಂತ ಚೆನ್ನಾಗಿ ಬಣ್ಣಿಸಿದರು. ಇದು ಗರಡಿಯ ರಚನೆಯ ಮಹಿಮೆ, ಗುರುವಿನ ಗುಪ್ತವಿದ್ಯೆಯ ಮಹಿಮೆ ಎಂದರು. ಮಲಕಾಜಪ್ಪನ ಕೊರಳಿಗೆ ಹಾರ ಹಾಕಿ, ತಲೆಗೆ ರೇಶಿಮೆ ರುಮಾಲು ಸುತ್ತಿ, ಇವತ್ತಿನಿಂದ ಈ ಗರಡಿಗೆ ಇವನೇ ವಸ್ತಾದ ಎಂದು ಸಾರಿದರು. ಜನ ಹೋ ಎಂದಿತು. ಭೀಮಾಬಾಯಿ ಹೆಂಗಸರ ನಡುವೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು, ನಗು ತಡೆಯಲೋ ಅಳು ತಡೆಯಲೋ ದೂರದಿಂದ ಗೊತ್ತಾಗುವಂತಿರಲಿಲ್ಲ.

"ಇನ್ನ ನೀನ ಹೇಳಪಾ ಮಲಕಾಜಪ್ಪ," ಎಂದರು ಸಾಹುಕಾರರು, ಊರಿಗೆಲ್ಲ ಕೇಳುವಂತೆ. "ಅಂಥಾ ಅಮರಪ್ಪ ಬಿದ್ದದ್ದು ಯಾವ ಡಾವಿಗೆ?"

ಗದ್ದಲ ನಿಂತಿತು. ತಿಕೋಟಾದ ವಸ್ತಾದ ಕೂಡ ಕುತ್ತಿಗೆ ಮುಂದೆ ಚಾಚಿದ. ಮಲಕಾಜಪ್ಪನಿಗೆ ಕೂಡಲೇ ಹೊಳೆಯಿತು: ಇದು ಹೊಗಳಿಕೆಯಲ್ಲ, ಹೊಂಚು. ಹಾರ ಹಾಕಿ, ರುಮಾಲು ಸುತ್ತಿ, ನಡುಬೀದಿಯಲ್ಲಿ ನಿಲ್ಲಿಸಿ ಗುಟ್ಟು ಕಕ್ಕಿಸುವ ಹೊಂಚು. ಸುಳ್ಳೊಂದನ್ನು ಹೇಳಿದರೆ ಅದರ ಬಾಲ ಹಿಡಿದು ನಿಜಕ್ಕೆ ಮುಟ್ಟುತ್ತಾರೆ. ದೊಡ್ಡ ಮಾತಾಡಿದರೆ ನಾಳೆ ಮಾಡಿ ತೋರಿಸು ಎನ್ನುತ್ತಾರೆ. ಸಾಹುಕಾರರು ನಗುತ್ತಿದ್ದರು. ಯಾಕೆ ನಗುತ್ತಿದ್ದರು? ಬಹಳ ಯೋಚಿಸಿ, ಯಾರೂ ನಂಬದ, ಯಾರ ಕೈಗೂ ಸಿಕ್ಕದ ಉತ್ತರ ಒಂದೇ ಇದೆಯೆಂದು ತೀರ್ಮಾನಿಸಿ, ಅವನು ರುಮಾಲು ಸರಿ ಮಾಡಿಕೊಂಡ.

"ಡಾವಿಗಲ್ರಿ, ಸಾವ್ಕಾರ್ರ," ಎಂದ. "ಒಳಗ ಗಾಳಿ ಇರ್ಲಿಲ್ಲ."